ಪಕ್ಷ ಇಲ್ದೆ ನಲವತ್ತು ವರ್ಷ: ಬರ್ನಿ ಸ್ಯಾಂಡರ್ಸ್ ಸೋತ ಲೆಕ್ಕ, ಗೆದ್ದ ಲೆಕ್ಕ

ಪ್ರಶ್ನೆ: ಅಮೆರಿಕದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಪಕ್ಷೇತರ ಅಂತ ಎಲ್ಲಾ ಕಡೆ ಬರೀತಾರೆ, ಆದ್ರೆ ಎರಡು ಸಲ ಡೆಮಾಕ್ರಟಿಕ್ ಪಕ್ಷದ ಟಿಕೆಟ್ಟಿಗಾಗಿ ಅಧ್ಯಕ್ಷೀಯ ಚುನಾವಣೆಗೆ ಇಳಿದ್ರು. ನಮ್ಮಲ್ಲಿ ಪಕ್ಷೇತರರು ಒಂದು ಸಲ ಗೆದ್ರೆ ಮುಂದಿನ ಸಲಕ್ಕೆ ಯಾವುದಾದ್ರೂ ಪಕ್ಷ ಸೇರಿರ್ತಾರೆ, ಇಲ್ಲಾ ಸೋತು ಮನೇಲಿರ್ತಾರೆ. ಈ ಮನುಷ್ಯ ಪಕ್ಷವೇ ಇಲ್ದೆ ಇಷ್ಟು ವರ್ಷ ಗೆಲ್ತಾ ಬಂದಿದ್ದು ಹೇಗೆ? ಅಷ್ಟು ಗೆದ್ದೋರು ಅಧ್ಯಕ್ಷೀಯ ಅಭ್ಯರ್ಥಿ ಯಾಕಾಗ್ಲಿಲ್ಲ? ಸ್ವಲ್ಪ ವಿವರವಾಗಿ ಹೇಳ್ತೀರಾ?

ಉತ್ತರ: ಮೊದ್ಲು ಲೆಕ್ಕ ಹೇಳ್ಬಿಡ್ತೀನಿ, ಕಾರಣ ಆಮೇಲೆ. ವರ್ಮಾಂಟ್ ರಾಜ್ಯದೊಳಗೆ ಸ್ಯಾಂಡರ್ಸ್ ಒಟ್ಟು 22 ಚುನಾವಣೆಗೆ ನಿಂತಿದಾರೆ, ಪ್ರೈಮರಿಗಳನ್ನ (ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸೋ ಮೊದಲ ಸುತ್ತಿನ ಚುನಾವಣೆ) ಬಿಟ್ಟು. 16 ಗೆದ್ದಿದಾರೆ, 6 ಸೋತಿದಾರೆ. ಗೆದ್ದಿದ್ದರಲ್ಲಿ 4 ಸಲ ಬರ್ಲಿಂಗ್ಟನ್ ಊರಿನ ಮೇಯರ್, 8 ಸಲ ಹೌಸ್ ಅಂದ್ರೆ ಅಲ್ಲಿನ ಲೋಕಸಭೆ ಥರದ್ದು, 4 ಸಲ ಸೆನೆಟ್ ಅಂದ್ರೆ ಅಲ್ಲಿನ ಮೇಲ್ಮನೆ. ಆರೂ ಸೋಲು 1972ರಿಂದ 1988ರ ಒಳಗೇ ಮುಗಿದು ಹೋದ್ವು, 1990ರಿಂದ ಈಚೆಗೆ ಆ ರಾಜ್ಯದಲ್ಲಿ ಒಂದು ಸಲವೂ ಸೋತಿಲ್ಲ. ಅಮೆರಿಕದ ಕಾಂಗ್ರೆಸ್ಸಿನಲ್ಲಿ (ಸಂಸತ್ತಿಗೆ ಅಲ್ಲಿ ಕಾಂಗ್ರೆಸ್ ಅಂತಾರೆ, ನಮ್ಮ ಪಕ್ಷದ ಹೆಸರು ನೆನಪಾಗಿ ಗೊಂದಲ ಆಗ್ಬಾರ್ದು) ಪಕ್ಷೇತರರಾಗಿ ಅತಿ ಹೆಚ್ಚು ಕಾಲ ಕೂತಿರೋರು ಅವರೇ.

ಸಾಮಾನ್ಯವಾಗಿ ಎಲ್ರೂ ಅವರ ಕಥೆನ 1981ರ ಹತ್ತು ಓಟಿನ ಗೆಲುವಿನಿಂದ ಶುರು ಮಾಡ್ತಾರೆ. ಚೆನ್ನಾಗಿರೋ ಕಥೆ, ನಾನೂ ಹೇಳ್ತೀನಿ. ಆದ್ರೆ ವರ್ಷಗಟ್ಟಲೆ ಈ ಅಂಕಿಗಳನ್ನ ನೋಡ್ತಾ ನೋಡ್ತಾ ನನಗೆ ಗಟ್ಟಿಯಾಗಿರೋ ಅಭಿಪ್ರಾಯ ಏನಂದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಅವರು 1988ರಲ್ಲಿ ಸೋತ ಚುನಾವಣೇಲಿ. ಅಲ್ಲಿಗೆ ಬರೋಕೆ ಸ್ವಲ್ಪ ಹಿಂದಿನಿಂದ ಬರ್ಬೇಕು.

ವರ್ಮಾಂಟ್ ಎಷ್ಟು ಚಿಕ್ಕದು ಅನ್ನೋದು ಮನಸ್ಸಲ್ಲಿರ್ಲಿ. ಕೆನಡಾ ಗಡಿಗೆ ಅಂಟ್ಕೊಂಡಿರೋ ಗುಡ್ಡಗಾಡು ರಾಜ್ಯ, ಹೈನುಗಾರಿಕೆ ಜಾಸ್ತಿ, ಈಗಿನ ಜನಸಂಖ್ಯೆ ಸುಮಾರು ಆರೂವರೆ ಲಕ್ಷ, 1970ರಲ್ಲಿ ನಾಲ್ಕೂವರೆ ಲಕ್ಷಕ್ಕೂ ಒಂಚೂರು ಕಮ್ಮಿ. ನಮ್ಮ ಎರಡು ವಿಧಾನಸಭಾ ಕ್ಷೇತ್ರದ ಮತದಾರರನ್ನ ಕೂಡಿಸಿದ್ರೆ ಹೆಚ್ಚುಕಡಿಮೆ ಇಡೀ ರಾಜ್ಯದ ಮತದಾರರ ಪಟ್ಟಿ ಆಯ್ತು ಅಂದ್ಕೊಳ್ಳಿ. ಹೌಸ್‌ಗೆ ಅಲ್ಲಿಂದ ಹೋಗೋದು ಒಬ್ಬರೇ ಸದಸ್ಯರು, ಹಂಗಾಗಿ ಹೌಸ್ ಚುನಾವಣೆ ಅಂದ್ರೂ ಇಡೀ ರಾಜ್ಯಕ್ಕೆ ಓಡಾಡ್ಬೇಕು, ಸೆನೆಟ್ ಅಂದ್ರೂ ಅದೇ ಜನ, ಅದೇ ಊರುಗಳು. ಅಂದ್ರೆ ಹೌಸ್‌ಗೆ ಒಂದು ಸಲ ಗೆದ್ದೋರು ಸೆನೆಟ್ಟಿಗೆ ಬೇಕಾದ ಪರಿಚಯನೆಲ್ಲಾ ಆಗ್ಲೇ ಸಂಪಾದಿಸಿರ್ತಾರೆ. ದೊಡ್ಡ ರಾಜ್ಯದಲ್ಲಿ ಈ ಅನುಕೂಲ ಇಲ್ಲ.

ಮತ್ತೆ ಆ ರಾಜ್ಯ ಎಡಪಂಥದ ಕೋಟೆ ಏನಾಗಿರ್ಲಿಲ್ಲ, ಒಂದು ಶತಮಾನ ಪೂರ್ತಿ ರಿಪಬ್ಲಿಕನ್ನರ ಕೈಲಿತ್ತು. 1936ರಲ್ಲಿ ರೂಸ್‌ವೆಲ್ಟ್ 48 ರಾಜ್ಯದಲ್ಲಿ 46 ಬಾಚ್ಕೊಂಡಾಗ ಕೈಗೆ ಸಿಗ್ದೇ ಇದ್ದ ಎರಡೇ ರಾಜ್ಯ ಮೇಯ್ನ್ ಮತ್ತು ವರ್ಮಾಂಟ್. 1960ರ ದಶಕದ ಕೊನೇಲಿ ನ್ಯೂಯಾರ್ಕು ಬಾಸ್ಟನ್ನು ಕಡೆಯಿಂದ ಪಟ್ಟಣದ ಗದ್ದಲ ಬೇಡ, ಹಳ್ಳೀಲಿ ಬದುಕ್ತೀವಿ ಅಂತ ಯುವಕ ಯುವತಿಯರು ಗುಂಪುಗುಂಪಾಗಿ ಬಂದು ನೆಲೆಸೋಕೆ ಶುರು ಮಾಡಿದ್ರು, ಅವರಲ್ಲಿ ಸ್ಯಾಂಡರ್ಸೂ ಒಬ್ಬರು. 1941ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ್ದು, ಅಪ್ಪ ಪೋಲೆಂಡಿಂದ ವಲಸೆ ಬಂದ ಯಹೂದಿ, ಪೇಂಟ್ ಮಾರೋ ಸೇಲ್ಸ್‌ಮನ್. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಓದಿ 1968ರಲ್ಲಿ ವರ್ಮಾಂಟಿಗೆ ಬಂದು ನೆಲೆಸಿದ್ರು.

ಅಲ್ಲಿ ಲಿಬರ್ಟಿ ಯೂನಿಯನ್ ಅಂತ ಒಂದು ಪುಟಾಣಿ ಪಕ್ಷ ಹುಟ್ಟಿತ್ತು, ವಿಯೆಟ್ನಾಂ ಯುದ್ಧದ ವಿರೋಧಿಗಳು ಮಾಡಿದ್ದು. 1971ರಲ್ಲಿ ಅದರ ಸಭೆಗೆ ಹೋದ ಸ್ಯಾಂಡರ್ಸ್ ಅಭ್ಯರ್ಥಿಯಾಗಿಯೇ ವಾಪಸ್ ಬಂದ್ರು. 1972ರ ಜನವರಿಯಲ್ಲಿ ಸೆನೆಟ್ ಉಪಚುನಾವಣೆ, ಬಿದ್ದಿದ್ದು 1,571 ಓಟು, ಶೇ. 2.2. ಅದೇ ವರ್ಷ ನವೆಂಬರಿನಲ್ಲಿ ಗವರ್ನರ್ ಹುದ್ದೆಗೆ (ನಮ್ಮ ರಾಜ್ಯಪಾಲರ ಥರ ಅಲ್ಲ, ರಾಜ್ಯ ಆಳೋಕೆ ಜನ ಆರಿಸೋ ಹುದ್ದೆ) ನಿಂತ್ರು, ಶೇ. 1.1, ಇನ್ನೂ ಕೆಳಕ್ಕೆ ಹೋಯ್ತು. 1974ರಲ್ಲಿ ಮತ್ತೆ ಸೆನೆಟ್, ಶೇ. 4.1. ಆ ಚುನಾವಣೆ ಗೆದ್ದಿದ್ದು ಪ್ಯಾಟ್ರಿಕ್ ಲೇಹಿ, ವರ್ಮಾಂಟ್ ಇತಿಹಾಸದಲ್ಲೇ ಸೆನೆಟ್ಟಿಗೆ ಆಯ್ಕೆಯಾದ ಮೊದಲ ಡೆಮಾಕ್ರಟ್, ಮುಂದೆ ಇದೇ ಇಬ್ಬರು 16 ವರ್ಷ ಒಂದೇ ರಾಜ್ಯದ ಎರಡು ಸೆನೆಟ್ ಸೀಟಲ್ಲಿ ಜೊತೆಗೆ ಕೂತ್ರು. 1976ರಲ್ಲಿ ಮತ್ತೆ ಗವರ್ನರ್, 11,317 ಓಟು, ಶೇ. 6.1. ನಮ್ಮಲ್ಲಿ ಚಲಾವಣೆಯಾದ ಓಟಿನ ಆರನೇ ಒಂದು ಭಾಗ ಬರ್ದಿದ್ರೆ ಠೇವಣಿ ಹೋಗುತ್ತಲ್ಲ, ಆ ಅಳತೆ ಇಟ್ಟು ನೋಡಿದ್ರೆ ನಾಲ್ಕಕ್ಕೆ ನಾಲ್ಕೂ ಸಲ ಠೇವಣಿ ಹೋಗಿತ್ತು, ಮುಂದೆ 1986ರಲ್ಲಿ ಐದನೇ ಸಲವೂ ಹೋಗ್ತಿತ್ತು.

ಆದ್ರೆ ಆ ಸೋಲುಗಳ ಒಳಗೆ ಒಂದು ಸಣ್ಣ ಸುಳಿವು ಇತ್ತು. 1977ರಲ್ಲಿ ಪಕ್ಷ ಬಿಟ್ಟು ಶಾಲೆಗಳಿಗೆ ಇತಿಹಾಸದ ಫಿಲ್ಮ್‌ಸ್ಟ್ರಿಪ್ ಮಾಡಿ ಮಾರ್ಕೊಂಡಿದ್ದ ಸ್ಯಾಂಡರ್ಸ್‌ಗೆ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಿದ್ದ ಗೆಳೆಯ ರಿಚರ್ಡ್ ಶುಗರ್‌ಮನ್ 1976ರ ಫಲಿತಾಂಶನ ಊರಿಂದ ಊರಿಗೆ ಬಿಡಿಸಿ ತೋರಿಸಿದ್ರು. ರಾಜ್ಯದಲ್ಲಿ ಆರು ಪರ್ಸೆಂಟ್ ಬಂದಿದ್ರೂ ಬರ್ಲಿಂಗ್ಟನ್ ಊರಲ್ಲಿ, ಅದರಲ್ಲೂ ಕೂಲಿಕಾರ್ಮಿಕರು ಬಾಡಿಗೆದಾರರು ಇರೋ ವಾರ್ಡ್‌ಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬಂದಿತ್ತು. ಇಡೀ ರಾಜ್ಯ ಬಿಡು, ಈ ಒಂದು ಊರಿಗೆ ನಿಲ್ಲು ಅನ್ನೋದು ಗೆಳೆಯನ ಮಾತಿನ ಸಾರಾಂಶ. ನನ್ನ ಕೇಳಿದ್ರೆ ಅವರಿಗೆ ಜೀವನದಲ್ಲಿ ಸಿಕ್ಕ ಅತಿ ಒಳ್ಳೆ ಸಲಹೆ ಅದೇ.

ಬರ್ಲಿಂಗ್ಟನ್ ರಾಜ್ಯದ ಅತಿ ದೊಡ್ಡ ಊರು, ಆದ್ರೂ ಆಗ ಮೂವತ್ತೆಂಟು ಸಾವಿರ ಜನವೂ ಇರ್ಲಿಲ್ಲ. ಮೇಯರ್ ಗಾರ್ಡನ್ ಪ್ಯಾಕೆಟ್ ಡೆಮಾಕ್ರಟ್, ಹತ್ತು ವರ್ಷದಿಂದ ಕೂತಿದ್ರು, ಎಷ್ಟು ಭದ್ರ ಅಂದ್ರೆ 1981ರಲ್ಲಿ ರಿಪಬ್ಲಿಕನ್ನರು ಅವರ ಎದುರಿಗೆ ಅಭ್ಯರ್ಥಿನೇ ಹಾಕ್ಲಿಲ್ಲ. ಆ ಭದ್ರತೆಯೇ ಮುಳುವಾಯ್ತು. ಅವರು ಆಸ್ತಿ ತೆರಿಗೆ ಏರಿಸೋಕೆ ಹೊರಟಿದ್ರು, ಮನೆ ಮಾಲೀಕರಿಗೆ ಸಿಟ್ಟು. ಚಾಂಪ್ಲೇನ್ ಸರೋವರದ ದಡದಲ್ಲಿ ಶ್ರೀಮಂತರಿಗೆ ಎತ್ತರದ ಅಪಾರ್ಟ್‌ಮೆಂಟ್ ಕಟ್ಟೋ ಯೋಜನೆ ಇತ್ತು, ಬಾಡಿಗೆದಾರರಿಗೆ ಸಿಟ್ಟು. ಸ್ಯಾಂಡರ್ಸ್ ಪಕ್ಷೇತರರಾಗಿ ನಿಂತು ಬಡವರ ಹೌಸಿಂಗ್ ಬ್ಲಾಕುಗಳಲ್ಲಿ ಮನೆಮನೆ ಬಾಗ್ಲು ತಟ್ಟಿದ್ರು, ಊರು ಮಾರಾಟಕ್ಕಿಲ್ಲ ಅನ್ನೋದೇ ಪ್ರಚಾರದ ಪಲ್ಲವಿ. ಕೊನೇಲಿ ಪೊಲೀಸರ ಯೂನಿಯನ್ ಕೂಡ ಈ ಸಮಾಜವಾದಿಗೇ ಬೆಂಬಲ ಕೊಡ್ತು, ಸಂಬಳದ ವಿಚಾರದಲ್ಲಿ ಅವರಿಗೂ ಮೇಯರ್ ಮೇಲೆ ಅಸಮಾಧಾನ ಇತ್ತು. ಮಾರ್ಚ್ 3ಕ್ಕೆ ಓಟು, ಎಣಿಕೆ ಮುಗಿದಾಗ 22 ಓಟಿನ ಮುನ್ನಡೆ, ಮರುಎಣಿಕೆ ಆದ್ಮೇಲೆ 10. ನಮ್ಮ ಸಂತೇಮರಹಳ್ಳೀಲಿ 2004ರಲ್ಲಿ ಧ್ರುವನಾರಾಯಣ ಒಂದೇ ಓಟಿಂದ ಗೆದ್ದಿದ್ದನ್ನ ಕಂಡಿರೋ ನಮಗೆ ಹತ್ತು ದೊಡ್ಡದಾಗೇ ಕಾಣ್ಬಹುದು, ಆದ್ರೆ ಆ ಹತ್ತು ಜನ ಮನೇಲಿದ್ದಿದ್ರೆ ಈ ಉತ್ತರ ಬರೆಯೋ ಪ್ರಸಂಗನೇ ಬರ್ತಿರ್ಲಿಲ್ಲ.

ಗೆದ್ದ ಮೇಲೂ ಕೆಲಸ ಮಾಡೋಕೆ ಬಿಡ್ಲಿಲ್ಲ. ನಗರಸಭೇಲಿ 13 ಸದಸ್ಯರು, ಅವರ ಪರ ಇದ್ದಿದ್ದು ಇಬ್ಬರು. ಮಿಕ್ಕೋರು ಸೇರಿ ಅವರ ಕಾರ್ಯದರ್ಶಿನ ಕೆಲಸದಿಂದ ತೆಗೆದ್ರು, ಅವರು ಸೂಚಿಸಿದ ಅಧಿಕಾರಿಗಳ ನೇಮಕನ ತಳ್ಳಿಹಾಕಿದ್ರು. ಆಗ ಸ್ಯಾಂಡರ್ಸ್ ಮಾಡಿದ್ದು ಶುದ್ಧ ಚುನಾವಣಾ ಕೆಲಸ, 1982ರ ವಾರ್ಡ್ ಚುನಾವಣೇಲಿ ತಮ್ಮ ಕಡೆಯೋರನ್ನ ನಿಲ್ಸಿ, ತಾವೇ ಓಡಾಡಿ, ವೀಟೋ ಹಾಕಿದ್ರೆ ಅದು ಉಳಿಯೋಷ್ಟು ಸೀಟು ಗೆಲ್ಸಿದ್ರು. ಅಲ್ಲಿಂದ ನೇಮಕಗಳೂ ಪಾಸಾದ್ವು. 1983ರಲ್ಲಿ ಎರಡೂ ಪಕ್ಷ ಅಭ್ಯರ್ಥಿ ಹಾಕಿದ್ವು, ಸ್ಯಾಂಡರ್ಸ್ ಶೇ. 52 ತಗೊಂಡು ಗೆದ್ರು. ನನಗೆ ಇಲ್ಲಿ ಅವರ ಓಟಿಗಿಂತ ಮುಖ್ಯ ಅನ್ಸೋದು ಒಟ್ಟು ಮತದಾನ, 1979ರ ಮೇಯರ್ ಚುನಾವಣೆಗೆ ಹೋಲಿಸಿದ್ರೆ ಅದು ಹೆಚ್ಚುಕಡಿಮೆ ದುಪ್ಪಟ್ಟಾಯ್ತು, ಓಟು ಹಾಕೋ ಅಭ್ಯಾಸವೇ ಇಲ್ಲದ ಬಾಡಿಗೆದಾರರು ಬಂದ್ರು. 1985, 1987 ಎರಡೂ ಗೆದ್ರು. ಅಷ್ಟೊತ್ತಿಗೆ ಇದೇ ರಾಜ್ಯ 1984ರಲ್ಲಿ ರೇಗನ್‌ಗೆ ಶೇ. 58ರ ಹತ್ತಿರ ಓಟು ಕೊಟ್ಟಿತ್ತು ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿ.

ಈಗ 1988ಕ್ಕೆ ಬರೋಣ. ಅದಕ್ಕೆ ಎರಡು ವರ್ಷ ಮುಂಚೆ 1986ರಲ್ಲಿ ಅವರು ಗವರ್ನರ್‌ಗೆ ನಿಂತು ಶೇ. 14.4 ತಗೊಂಡು ಮೂರನೇ ಸ್ಥಾನಕ್ಕೆ ಬಂದಿದ್ರು. ವರ್ಮಾಂಟ್‌ನಲ್ಲಿ ಗವರ್ನರ್‌ಗೆ ಅರ್ಧಕ್ಕಿಂತ ಜಾಸ್ತಿ ಓಟು ಬರ್ದಿದ್ರೆ ಶಾಸಕರು ಓಟು ಹಾಕಿ ಆರಿಸ್ಬೇಕು ಅನ್ನೋ ನಿಯಮ ಇದೆ, ಡೆಮಾಕ್ರಟ್ ಮೇಡಲೀನ್ ಕ್ಯೂನಿನ್‌ಗೆ ಶೇ. 47 ಬಂದಿದ್ದರಿಂದ ವಿಷಯ ಶಾಸಕರ ಮುಂದೆ ಹೋಯ್ತು. ಓಟು ಒಡೀತಾನೆ, ರಿಪಬ್ಲಿಕನ್ನರಿಗೆ ಲಾಭ ಮಾಡ್ತಾನೆ ಅಂತ ಡೆಮಾಕ್ರಟರು ಬೈದ್ರು. ಎರಡು ವರ್ಷ ಆದ್ಮೇಲೆ ಹೌಸ್ ಸೀಟು ಖಾಲಿ ಆಯ್ತು, ಅಲ್ಲಿದ್ದ ಜಿಮ್ ಜೆಫರ್ಡ್ಸ್ ಸೆನೆಟ್ಟಿಗೆ ಹೊರಟ್ರು. ರಿಪಬ್ಲಿಕನ್ ಪೀಟರ್ ಸ್ಮಿತ್, ಡೆಮಾಕ್ರಟ್ ಪಾಲ್ ಪಾಯ್ರಿಯರ್, ಪಕ್ಷೇತರ ಸ್ಯಾಂಡರ್ಸ್. ಫಲಿತಾಂಶ: ಸ್ಮಿತ್ 41.2, ಸ್ಯಾಂಡರ್ಸ್ 37.5, ಪಾಯ್ರಿಯರ್ 18.9.

ಆ ಮೂರು ಅಂಕಿನ ಒಂದು ನಿಮಿಷ ನೋಡಿ. ಸೋತಿದಾರೆ, ಸರಿ. ಆದ್ರೆ ಡೆಮಾಕ್ರಟಿಕ್ ಪಕ್ಷದ ಅಧಿಕೃತ ಅಭ್ಯರ್ಥಿಗೆ ಅವರ ಅರ್ಧದಷ್ಟು ಓಟು ಬಂದಿದೆ. ಇಷ್ಟು ದಿನ ಓಟು ಒಡೆಯೋನು ಸ್ಯಾಂಡರ್ಸ್ ಅಂತ ಹೇಳ್ತಿದ್ದ ಪಕ್ಷ ಈಗ ತಾನೇ ಓಟು ಒಡೆದ ಹಾಗಾಯ್ತು. ಮುಂದಿನ ಸಲ ಗಟ್ಟಿ ಡೆಮಾಕ್ರಟ್ ನಿಂತ್ರೆ ರಿಪಬ್ಲಿಕನ್ ಗೆಲ್ತಾನೆ ಅನ್ನೋದು ಅಲ್ಲಿನ ಪ್ರತಿಯೊಬ್ಬ ಮುಖಂಡರಿಗೂ ಅರ್ಥ ಆಯ್ತು. ಮೂವರ ಸ್ಪರ್ಧೇಲಿ ಹೊರಗಿನವನು ಎರಡನೇ ಸ್ಥಾನಕ್ಕೆ ಬಂದ್ಬಿಟ್ರೆ ಆಟವೇ ತಿರುಗುತ್ತೆ, ಆಮೇಲೆ ಜಾಗ ಬಿಡ್ಬೇಕಾದೋರು ಮೂರನೇ ಸ್ಥಾನದೋರು. ಪಕ್ಷೇತರರು ಯಾಕೆ ಒಂದೇ ಸಲಕ್ಕೆ ಮುಗಿದು ಹೋಗ್ತಾರೆ ಅಂತ ಕೇಳಿದ್ರಲ್ಲ, ಬಹುಪಾಲು ಜನ ಈ ಎರಡನೇ ಸ್ಥಾನದವರೆಗೆ ತಾಳ್ಮೆ ಇಟ್ಕೊಂಡು ಬರೋದೇ ಇಲ್ಲ, ಬಂದ್ರೂ ಸೋತ ಬೇಜಾರಲ್ಲಿ ಬಿಟ್ಟು ಹೋಗ್ತಾರೆ.

1990ರಲ್ಲಿ ಅದೇ ಆಯ್ತು. ಡೆಮಾಕ್ರಟ್ ಅಭ್ಯರ್ಥಿ ಹೆಸರಿಗೆ ಇದ್ರು, ಬಂದಿದ್ದು ಶೇ. 3. ಸ್ಯಾಂಡರ್ಸ್ ಶೇ. 56, ಸ್ಮಿತ್ 39.5. ಇದರಲ್ಲಿ ಬಂದೂಕಿನ ಪಾಲೂ ಇತ್ತು, ಅದನ್ನ ಮುಚ್ಚಿಡೋದು ಸರಿಯಲ್ಲ. ಸ್ಮಿತ್ ವಾಷಿಂಗ್ಟನ್‌ಗೆ ಹೋದ್ಮೇಲೆ ಅಸಾಲ್ಟ್ ಬಂದೂಕು ನಿಷೇಧದ ಪರ ನಿಂತ್ರು, ಬೇಟೆಗಾರರ ರಾಜ್ಯದಲ್ಲಿ ಅದು ನಂಬಿಕೆ ದ್ರೋಹ ಅನ್ನಿಸ್ತು, ಬಂದೂಕು ಲಾಬಿಯ ರಾಷ್ಟ್ರೀಯ ರೈಫಲ್ ಸಂಘ ಅವರನ್ನ ಸೋಲಿಸೋಕೆ ದುಡ್ಡು ಸುರೀತು. ಸ್ಯಾಂಡರ್ಸ್‌ಗೆ ಅದರ ಲಾಭ ಸಿಕ್ತು, ಮುಂದೆ 2016ರಲ್ಲಿ ಹಿಲರಿ ಕ್ಲಿಂಟನ್ ಇದೇ ಬಂದೂಕಿನ ದಾಖಲೆ ಹಿಡ್ಕೊಂಡು ಅವರನ್ನ ಚರ್ಚೆಗಳಲ್ಲಿ ಕುಟುಕಿದ್ರು. ಏನೇ ಇರ್ಲಿ, ನಲವತ್ತು ವರ್ಷದ ಮೇಲೆ ಹೌಸ್‌ಗೆ ಪಕ್ಷೇತರರೊಬ್ಬರು ಗೆದ್ದು ಬಂದಿದ್ರು.

ಅಲ್ಲಿಂದ ಒಂದು ಕೊಡುಕೊಳ್ಳೋ ಒಪ್ಪಂದ ನಿಧಾನವಾಗಿ ಗಟ್ಟಿ ಆಯ್ತು. ವಾಷಿಂಗ್ಟನ್‌ನಲ್ಲಿ ಸ್ಯಾಂಡರ್ಸ್ ಡೆಮಾಕ್ರಟರ ಜೊತೆ ಕೂರ್ತಾರೆ, ಸಭಾಧ್ಯಕ್ಷರ ಆಯ್ಕೇಲಿ ಅವರ ಪರ ಓಟು ಹಾಕ್ತಾರೆ, ಬದಲಿಗೆ ಸಮಿತಿಗಳಲ್ಲಿ ಅವರಿಗೆ ಡೆಮಾಕ್ರಟ್ ಸದಸ್ಯರ ಹಾಗೇ ಜಾಗ ಮತ್ತು ಹಿರಿತನ, ಊರಲ್ಲಿ ಪಕ್ಷ ಅವರ ದಾರಿಗೆ ಅಡ್ಡ ಬರೋದಿಲ್ಲ. ಮುಂದೆ ಸೆನೆಟ್‌ನಲ್ಲಿ ಮಾಜಿ ಸೈನಿಕರ ಸಮಿತಿ, ಬಜೆಟ್ ಸಮಿತಿ, ಆರೋಗ್ಯ ಮತ್ತು ಕಾರ್ಮಿಕ ಸಮಿತಿ ಮೂರಕ್ಕೂ ಬೇರೆಬೇರೆ ಕಾಲದಲ್ಲಿ ಅಧ್ಯಕ್ಷರಾಗಿದ್ದು ಈ ಒಪ್ಪಂದದಿಂದಲೇ. ಆದ್ದರಿಂದ ಪಕ್ಷವೇ ಇಲ್ದೆ ಅನ್ನೋ ನಿಮ್ಮ ಮಾತನ್ನ ಸ್ವಲ್ಪ ತಿದ್ದಬೇಕು, ಪಕ್ಷದ ಸದಸ್ಯತ್ವ ಇಲ್ಲ, ಪಕ್ಷದ ವಿರೋಧವೂ ಇಲ್ಲ, ಆ ಎರಡನೇದೇ ಗೆಲುವಿನ ಬೆನ್ನೆಲುಬು.

ಅಡ್ಡ ಬಂದಾಗ ಏನಾಗುತ್ತೆ ಅನ್ನೋದಕ್ಕೆ 1996 ನೋಡಬಹುದು. ಆ ಸಲ ಡೆಮಾಕ್ರಟ್ ಒಬ್ಬರು ನಿಂತು ಶೇ. 9ರ ಮೇಲೆ ತಗೊಂಡ್ರು, ಸ್ಯಾಂಡರ್ಸ್ 55ಕ್ಕೆ ನಿಂತ್ರು. ಅದಕ್ಕಿಂತ ದೊಡ್ಡ ಗಂಡಾಂತರ 1994, ರಿಪಬ್ಲಿಕನ್ ಮುಖಂಡ ನ್ಯೂಟ್ ಗಿಂಗ್ರಿಚ್ ಅಲೇಲಿ ದೇಶ ಪೂರ್ತಿ ಡೆಮಾಕ್ರಟರು ಕೊಚ್ಚಿಹೋದ ವರ್ಷ. ರಿಪಬ್ಲಿಕನ್ ಪಕ್ಷದ ರಾಜ್ಯ ಸೆನೆಟರ್ ಜಾನ್ ಕ್ಯಾರಲ್ ಎದುರು ಸ್ಯಾಂಡರ್ಸ್ ಗೆದ್ದಿದ್ದು 49.9ಕ್ಕೆ 46.6. ಅವರ ಇಡೀ ಸಂಸತ್ ಜೀವನದಲ್ಲಿ ಅಷ್ಟು ಹತ್ತಿರದ ಸ್ಪರ್ಧೆ ಅದಕ್ಕೆ ಮುಂಚೆನೂ ಇಲ್ಲ ಆಮೇಲೂ ಇಲ್ಲ.

ಆಮೇಲೆ ಅಂತರ ಹಿಗ್ಗಿದ್ದು ಯಾಕೆ ಅನ್ನೋದಕ್ಕೆ ವರ್ಮಾಂಟ್ ಒಳಗಿನ ಕೆಲಸ ನೋಡ್ಬೇಕು, ಭಾಷಣ ಅಲ್ಲ. ಈಶಾನ್ಯ ಮೂಲೆಯ ಬಡ ಜಿಲ್ಲೆಗಳಿದಾವೆ, ನಾರ್ತ್ ಈಸ್ಟ್ ಕಿಂಗ್‌ಡಮ್ ಅಂತ ಕರೀತಾರೆ, ರಿಪಬ್ಲಿಕನ್ನರ ಕಡೆ ವಾಲೋ ಹಳ್ಳಿಗಳು, ಅಲ್ಲಿನ ಹೈನುಗಾರರಿಗೆ ಹಾಲಿನ ಬೆಲೆ ಕುಸೀದಂಗೆ ತಡೆಯೋ ಪ್ರಾದೇಶಿಕ ಒಪ್ಪಂದಕ್ಕೆ ಸ್ಯಾಂಡರ್ಸ್ ಹೋರಾಡಿದ್ರು. 1999ರಲ್ಲಿ ಸ್ತನ ಕ್ಯಾನ್ಸರ್ ಇದ್ದ ಹೆಂಗಸರನ್ನ ಬಸ್ಸಲ್ಲಿ ಕೂರಿಸ್ಕೊಂಡು ಗಡಿ ದಾಟಿ ಮಾಂಟ್ರಿಯಲ್‌ಗೆ ಹೋದ್ರು, ಅದೇ ಟ್ಯಾಮಾಕ್ಸಿಫೆನ್ ಮಾತ್ರೆ ಅಲ್ಲಿ ಎಷ್ಟು ಅಗ್ಗ ಅಂತ ಕೈಯಾರೆ ಕೊಂಡು ತೋರಿಸೋಕೆ. ಅದೇ ವರ್ಷ ಐಬಿಎಂ ತನ್ನ ಕಾರ್ಮಿಕರ ಪಿಂಚಣಿ ಲೆಕ್ಕ ಬದಲಿಸಿದಾಗ ಅಲ್ಲಿನ ಕಾರ್ಖಾನೆಯೋರ ಪರ ನಿಂತ್ರು. ನೀವು ಒಬ್ಬ ಹಾಲು ಕರೆಯೋ ರಿಪಬ್ಲಿಕನ್ ಅಂದ್ಕೊಳ್ಳಿ, ಸಮಾಜವಾದ ಅನ್ನೋ ಪದ ಕೇಳಿದ್ರೆ ಆಗಲ್ಲ, ಆದ್ರೆ ನಿಮ್ಮ ಹಾಲಿನ ಚೆಕ್ಕಿನ ವಿಷಯ ಮಾತಾಡೋನು, ನಿಮ್ಮಮ್ಮನ ಮಾತ್ರೆ ವಿಷಯ ಮಾತಾಡೋನು ಇವನೊಬ್ಬನೇ. 2000ರಲ್ಲಿ ಅವರಿಗೆ ಶೇ. 69.2 ಬಂತು.

ಸೆನೆಟ್ ಸೀಟು ಖಾಲಿ ಆಗಿದ್ದು 2006ರಲ್ಲಿ, ಜೆಫರ್ಡ್ಸ್ ನಿವೃತ್ತರಾದಾಗ. ನೀವು ಕೇಳಿರೋ ಪಕ್ಷೇತರ ಅಂದ್ರೆ ಏನು ಅನ್ನೋ ಪ್ರಶ್ನೆ ಇಲ್ಲಿ ಪೂರ್ತಿ ಬಿಚ್ಕೊಳ್ಳುತ್ತೆ. ವರ್ಮಾಂಟ್‌ನಲ್ಲಿ ಮತದಾರರು ಪಕ್ಷದ ಹೆಸರಲ್ಲಿ ನೋಂದಣಿ ಮಾಡ್ಕೊಳ್ಳೋ ಪದ್ಧತಿನೇ ಇಲ್ಲ, ಪ್ರೈಮರಿ ಎಲ್ರಿಗೂ ತೆರೆದಿರುತ್ತೆ. ಸ್ಯಾಂಡರ್ಸ್ ಮಾಡಿದ್ದು ಏನಂದ್ರೆ ಡೆಮಾಕ್ರಟಿಕ್ ಪ್ರೈಮರೀಲಿ ತಾವೂ ನಿಂತು, ಭಾರಿ ಬಹುಮತದಿಂದ ಗೆದ್ದು, ಆಮೇಲೆ ಆ ಟಿಕೆಟ್ ಬೇಡ ಅಂತ ವಾಪಸ್ ಕೊಟ್ಟು ಪಕ್ಷೇತರರಾಗೇ ಕಣದಲ್ಲಿ ಉಳಿದ್ರು. ಹಂಗಾಗಿ ಡೆಮಾಕ್ರಟ್ ಅನ್ನೋ ಹೆಸರಿನ ಮುಂದೆ ಬೇರೆ ಯಾರೂ ಇರಲ್ಲ, ಓಟು ಒಡೆಯೋ ಮಾತೇ ಇಲ್ಲ. 2012, 2018ರಲ್ಲೂ ಹೀಗೇ. ಕೆಲವರಿಗೆ ಇದು ಮೋಸ ಅನ್ಸುತ್ತೆ, ನನಗೆ ಹಾಗನ್ಸಲ್ಲ, ಯಾಕಂದ್ರೆ ಎಲ್ಲಾ ಬಹಿರಂಗವಾಗಿ ಮತದಾರರಿಗೆ ಗೊತ್ತಿದ್ದೇ ನಡೆದಿದ್ದು, ಪಕ್ಷದ ರಾಷ್ಟ್ರೀಯ ಮುಖಂಡರೂ ಒಪ್ಪಿದ್ರು. ಆಗ ಹೊಸ ಸೆನೆಟರ್ ಆಗಿದ್ದ ಬರಾಕ್ ಒಬಾಮ 2006ರಲ್ಲಿ ವರ್ಮಾಂಟಿಗೇ ಬಂದು ಅವರ ಪರ ಪ್ರಚಾರ ಮಾಡಿ ಹೋದ್ರು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅಂದ್ರೆ 2019ರ ಮಂಡ್ಯ, ಸುಮಲತಾ ಅವರು ಪಕ್ಷೇತರರಾಗಿ ನಿಂತಾಗ ಬಿಜೆಪಿ ಅಭ್ಯರ್ಥಿ ಹಾಕದೆ ಬೆಂಬಲ ಕೊಡ್ತು. ಮಂಡ್ಯದಲ್ಲಿ ಒಂದು ಸಲ ಆಗಿದ್ದು ವರ್ಮಾಂಟ್‌ನಲ್ಲಿ ದಶಕಗಳ ಕಾಲ ನಡೀತು ಅನ್ನೋದೇ ವ್ಯತ್ಯಾಸ.

2006ರ ಆ ಸೆನೆಟ್ ಚುನಾವಣೇಲಿ ರಿಪಬ್ಲಿಕನ್ ಎದುರಾಳಿ ರಿಚರ್ಡ್ ಟ್ಯಾರಂಟ್ ಸಾಫ್ಟ್‌ವೇರ್ ಕಂಪನಿ ಕಟ್ಟಿದ ಶ್ರೀಮಂತ, ತಮ್ಮ ಜೇಬಿಂದ ಸುಮಾರು 70 ಲಕ್ಷ ಡಾಲರ್ ಸುರಿದ್ರು. ಬಂದಿದ್ದು ಶೇ. 32.4, ಸ್ಯಾಂಡರ್ಸ್‌ಗೆ 65.4. 2012ರಲ್ಲಿ 71, ಅವರ ಅತಿ ದೊಡ್ಡ ಗೆಲುವು ಅದು. 2018ರಲ್ಲಿ 67.4, ಆ ವರ್ಷ ರಿಪಬ್ಲಿಕನ್ ಪಕ್ಷದ ಸ್ಥಿತಿ ಎಲ್ಲಿಗೆ ಬಂದಿತ್ತು ಅಂದ್ರೆ ಬ್ರೂಕ್ ಪೇಜ್ ಅನ್ನೋ ಒಬ್ಬರೇ ಆರು ಬೇರೆಬೇರೆ ಹುದ್ದೆಗೆ ಪ್ರೈಮರಿ ಗೆದ್ದು, ಸೆನೆಟ್ ಸೇರಿ ಐದನ್ನ ಬಿಟ್ಕೊಟ್ರು, ಸ್ಯಾಂಡರ್ಸ್ ಎದುರಿಗೆ ಪಕ್ಷ ಬೇರೆಯೋರನ್ನ ತಂದು ನಿಲ್ಲಿಸ್ಬೇಕಾಯ್ತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. 2015ರ ಏಪ್ರಿಲ್‌ನಲ್ಲಿ ಅವರು ಅಧ್ಯಕ್ಷ ಸ್ಥಾನಕ್ಕೆ ಇಳಿದಾಗ ಡೆಮಾಕ್ರಟರ ಒಳಗೇ ಇಳಿದಿದ್ದು ಯಾಕೆ ಅಂದ್ರೆ 1988ರ ಪಾಠ ಅವರಿಗೆ ಎಲ್ರಿಗಿಂತ ಚೆನ್ನಾಗಿ ಗೊತ್ತಿತ್ತು, ದೇಶಮಟ್ಟದಲ್ಲಿ ಪಕ್ಷೇತರನಾಗಿ ನಿಂತ್ರೆ ಎರಡನೇ ಸ್ಥಾನಕ್ಕೂ ಬರದೆ ಓಟು ಮಾತ್ರ ಒಡೀತಾರೆ. 2016ರಲ್ಲಿ ಅಯೋವಾದಲ್ಲಿ ಕೂದಲೆಳೆಯಲ್ಲಿ ಸೋತ್ರು, 49.8ಕ್ಕೆ 49.6. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 60 ದಾಟಿ ಗೆದ್ರು. ಸಮೀಕ್ಷೆಗಳೆಲ್ಲಾ ಇಪ್ಪತ್ತು ಪಾಯಿಂಟ್ ಹಿಂದೆ ಅಂತಿದ್ದ ಮಿಷಿಗನ್‌ನ ಗೆದ್ರು. ಸ್ವಂತ ವರ್ಮಾಂಟ್‌ನಲ್ಲಿ ಶೇ. 86, ಹಿಲರಿಗೆ ಶೇ. 15ರ ಕನಿಷ್ಠ ಮಿತಿಯೂ ಮುಟ್ಟೋಕಾಗದೆ ಚುನಾಯಿತ ಪ್ರತಿನಿಧಿಗಳು (ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿನ ಆರಿಸೋರು, ಪ್ರೈಮರಿ ಓಟಿನ ಪ್ರಕಾರ ಹಂಚೋದು) ಹದಿನಾರಕ್ಕೆ ಹದಿನಾರೂ ಸ್ಯಾಂಡರ್ಸ್ ಪಾಲಾದ್ರು. ಒಟ್ಟು 22 ರಾಜ್ಯ, ಸುಮಾರು 1 ಕೋಟಿ 32 ಲಕ್ಷ ಓಟು, ಶೇ. 43. ನಲವತ್ತು ವರ್ಷ ಹಿಂದೆ ಹನ್ನೊಂದು ಸಾವಿರ ಓಟು ತಗೊಂಡಿದ್ದ ಅದೇ ಮನುಷ್ಯ, ಮಾತೂ ಹೆಚ್ಚುಕಡಿಮೆ ಅದೇ.

ಆದ್ರೂ ಸೋತ್ರು, ಹಿಲರಿಗೆ ಶೇ. 55. ಸೂಪರ್ ಡೆಲಿಗೇಟ್ ಅಂತ ಪಕ್ಷದ ಪದಾಧಿಕಾರಿಗಳಿಗಿದ್ದ ಓಟಿನಿಂದ ಮೋಸ ಆಯ್ತು ಅಂತ ಅವರ ಅಭಿಮಾನಿಗಳು ಇವತ್ತಿಗೂ ಹೇಳ್ತಾರೆ. ಆ ಪದಾಧಿಕಾರಿಗಳು ಮೊದಲಿಂದಲೇ ಹಿಲರಿ ಕಡೆ ಇದ್ದಿದ್ದು ನಿಜ, ಅನ್ಯಾಯ ಅನ್ಸೋದೂ ಸಹಜ, 2018ರಲ್ಲಿ ಪಕ್ಷ ಆ ನಿಯಮನ ಬದಲಾಯಿಸ್ತು. ಆದ್ರೆ ಅವರನ್ನ ಪೂರ್ತಿ ತೆಗೆದು ಜನ ಆರಿಸಿದ ಪ್ರತಿನಿಧಿಗಳನ್ನ ಮಾತ್ರ ಎಣಿಸಿದ್ರೂ ಹಿಲರಿ 2,205, ಸ್ಯಾಂಡರ್ಸ್ 1,846. ಸೋಲಿನ ನಿಜವಾದ ಜಾಗ ಸೌತ್ ಕೆರೊಲಿನಾ, ಅಲ್ಲಿ ಹಿಲರಿಗೆ ಶೇ. 73ಕ್ಕಿಂತ ಜಾಸ್ತಿ. ದಕ್ಷಿಣದ ರಾಜ್ಯಗಳ ಪ್ರೈಮರೀಲಿ ಕಪ್ಪು ಜನರ ಓಟೇ ದೊಡ್ಡದು, ಅದರಲ್ಲೂ ಚರ್ಚಿಗೆ ಹೋಗೋ ಹಿರಿಯ ಹೆಂಗಸರು, ಅವರಿಗೆ ಕ್ಲಿಂಟನ್ ಕುಟುಂಬದ ಜೊತೆ ಇಪ್ಪತ್ತೈದು ವರ್ಷದ ಒಡನಾಟ. ಸ್ಯಾಂಡರ್ಸ್ ಗೆಲ್ಲೋ ವಿಧಾನ ಅಂದ್ರೆ ಸಣ್ಣ ಊರು, ಮನೆಮನೆ ಬಾಗ್ಲು, ವರ್ಷಾನುಗಟ್ಟಲೆ ಅದೇ ಮುಖಗಳು. ಅದನ್ನ ಅವರು ಮಾಡಿದ್ದು ಹೆಚ್ಚುಕಡಿಮೆ ಪೂರ್ತಿ ಬಿಳಿಯರೇ ಇರೋ ರಾಜ್ಯದಲ್ಲಿ. ಸೌತ್ ಕೆರೊಲಿನಾದ ಜನರ ಮುಂದೆ ಅವರು ಮೊದಲನೇ ಸಲ ಬಂದ ಅತಿಥಿ.

2020ರಲ್ಲಿ ಇನ್ನೂ ಹತ್ತಿರ ಬಂದ ಹಾಗೆ ಕಂಡಿತ್ತು. ಹೃದಯಾಘಾತ ಆಗಿ ಎರಡು ಮೂರು ವಾರದೊಳಗೆ ನ್ಯೂಯಾರ್ಕಿನಲ್ಲಿ ದೊಡ್ಡ ರ‍್ಯಾಲಿ ಮಾಡಿದ್ರು, ಆಗ ವಯಸ್ಸು 78. ನ್ಯೂ ಹ್ಯಾಂಪ್‌ಶೈರ್ ಗೆದ್ರು, ನೆವಾಡಾನಲ್ಲಿ ಲ್ಯಾಟಿನೋ ಕಾರ್ಮಿಕರ ಓಟಿಂದ ಕೌಂಟಿ ಮಟ್ಟದ ಪ್ರತಿನಿಧಿಗಳಲ್ಲಿ ಶೇ. 46.8 ತಗೊಂಡು ಗೆದ್ರು. ಆದ್ರೆ ನೋಡಿ, ಅವರ ಮುನ್ನಡೆ ನಿಂತಿದ್ದು ಎದುರಾಳಿಗಳು ಹಂಚಿ ಹೋಗಿದ್ದರ ಮೇಲೆ. ನ್ಯೂ ಹ್ಯಾಂಪ್‌ಶೈರ್ ಗೆದ್ದಾಗ ಅವರಿಗೆ ಬಂದಿದ್ದು ಬರೀ 25.6. ಸೌತ್ ಕೆರೊಲಿನಾದಲ್ಲಿ ಬೈಡನ್ ಗೆದ್ದ ತಕ್ಷಣ, ಸೂಪರ್ ಟ್ಯೂಸ್‌ಡೇಗೆ (ಒಂದೇ ದಿನ ಬಹಳ ರಾಜ್ಯಗಳಲ್ಲಿ ಪ್ರೈಮರಿ ನಡೆಯೋ ಮಂಗಳವಾರ) ಮುಂಚಿನ ಎರಡು ದಿನದಲ್ಲಿ ಇನ್ನಿಬ್ಬರು ಸ್ಪರ್ಧಿಗಳಾದ ಬುಟಿಜೆಜ್, ಕ್ಲೋಬುಚಾರ್ ಇಬ್ಬರೂ ಹಿಂದೆ ಸರಿದು ಬೈಡನ್ ಕೈ ಹಿಡಿದ್ರು. 14 ರಾಜ್ಯದಲ್ಲಿ ಬೈಡನ್‌ಗೆ 10, ಸ್ಯಾಂಡರ್ಸ್‌ಗೆ 4. ವರ್ಮಾಂಟ್‌ನಲ್ಲಿ ಡೆಮಾಕ್ರಟರು ಅವರಿಗೋಸ್ಕರ ಜಾಗ ಬಿಟ್ಟು ಮೂವತ್ತು ವರ್ಷ ಗೆಲ್ಸಿದ್ದು ಯಾವ ಲೆಕ್ಕದಿಂದಲೋ ಅದೇ ಲೆಕ್ಕ ಇಲ್ಲಿ ಅವರ ವಿರುದ್ಧ ತಿರುಗ್ತು. 2016ರಲ್ಲಿ ಗೆದ್ದಿದ್ದ ಮಿಷಿಗನ್‌ನ ಈ ಸಲ 16 ಪಾಯಿಂಟ್ ಅಂತರದಲ್ಲಿ ಸೋತ್ರು, ಏಪ್ರಿಲ್ 8ಕ್ಕೆ ಪ್ರಚಾರ ನಿಲ್ಸಿದ್ರು.

ಮಿಷಿಗನ್ ಅಂದ್ಮೇಲೆ ನಮ್ಮ ಕಡೆಯ ಒಂದು ಸಂಗತಿ. 2018ರಲ್ಲಿ ಅಲ್ಲಿನ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿ ನಡೆದಾಗ ಬೆಳಗಾವೀಲಿ ಬೆಳೆದ ಶ್ರೀ ಥಾಣೇದಾರ್ ತಾವೇ ನಿಜವಾದ ಪ್ರಗತಿಪರ ಅಂತ ಕಣದಲ್ಲಿದ್ರು, ಸ್ಯಾಂಡರ್ಸ್ ಮಾತ್ರ ಅಬ್ದುಲ್ ಎಲ್-ಸಯ್ಯದ್ ಅವರ ಪರ ಬಂದು ಪ್ರಚಾರ ಮಾಡಿದ್ರು. ಎಲ್-ಸಯ್ಯದ್ ಎರಡನೇ ಸ್ಥಾನ, ಥಾಣೇದಾರ್ ಮೂರನೇ ಸ್ಥಾನ, ಗೆದ್ದಿದ್ದು ಗ್ರೆಚೆನ್ ವಿಟ್ಮರ್ ಅರ್ಧಕ್ಕಿಂತ ಜಾಸ್ತಿ ಓಟು ತಗೊಂಡು. ಥಾಣೇದಾರ್ ಮುಂದೆ 2022ರಲ್ಲಿ ಡೆಟ್ರಾಯ್ಟ್ ಕಡೆಯಿಂದ ಹೌಸ್‌ಗೆ ಆಯ್ಕೆಯಾದ್ರು, ಅದು ಬೇರೆ ವಿಷಯ. ಸ್ಯಾಂಡರ್ಸ್ ಎರಡು ವರ್ಷ ಹಿಂದೆ ತಾವೇ ಗೆದ್ದ ರಾಜ್ಯದಲ್ಲಿ ಅವರ ಮಾತಿಗೆ ಇನ್ನೊಬ್ಬರನ್ನ ಗೆಲ್ಸೋ ಶಕ್ತಿ ಇರ್ಲಿಲ್ಲ.

ಕೊನೇದಾಗಿ ಒಂದು ಅಂಕಿ ಸಾಲು ಕೊಡ್ತೀನಿ, ಇದನ್ನ ಹೆಚ್ಚು ಜನ ಗಮನಿಸಲ್ಲ. ವರ್ಮಾಂಟ್‌ನಲ್ಲಿ ಅದೇ ದಿನ ಅದೇ ಮತದಾರರು ಅಧ್ಯಕ್ಷ ಸ್ಥಾನದ ಡೆಮಾಕ್ರಟ್‌ಗೆ ಎಷ್ಟು ಕೊಟ್ರು, ಸ್ಯಾಂಡರ್ಸ್‌ಗೆ ಎಷ್ಟು ಕೊಟ್ರು ಅಂತ ಪಕ್ಕಪಕ್ಕ ಇಟ್ಟು ನೋಡಿ. 2000ರಲ್ಲಿ ಅಲ್ ಗೋರ್ 50.6, ಸ್ಯಾಂಡರ್ಸ್ 69.2. 2004ರಲ್ಲಿ ಜಾನ್ ಕೆರಿ 59ರ ಹತ್ತಿರ, ಸ್ಯಾಂಡರ್ಸ್ 67.5. 2012ರಲ್ಲಿ ಒಬಾಮ 66.6, ಸ್ಯಾಂಡರ್ಸ್ 71. 2024ರಲ್ಲಿ ಕಮಲಾ ಹ್ಯಾರಿಸ್‌ಗೆ 63ರ ಮೇಲೆ ಚೂರು, ಸ್ಯಾಂಡರ್ಸ್‌ಗೂ 63ರ ಮೇಲೆ ಚೂರು, ಓಟಿನ ಎಣಿಕೇಲಿ ಕಮಲಾ ಅವರೇ ಕೆಲವು ಸಾವಿರ ಮುಂದೆ. ಬಂದೂಕು ಇಟ್ಕೊಂಡ, ಹಾಲು ಕರೆಯೋ, ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್‌ಗೆ ಒತ್ತಿ ಕೆಳಗೆ ಬರ್ನಿಗೆ ಒತ್ತುತಿದ್ದ ಆ ಹದಿನೆಂಟು ಪರ್ಸೆಂಟ್ ಜನ ಕಾಲು ಶತಮಾನದಲ್ಲಿ ಕರಗಿ ಹೋಗಿದಾರೆ, ಕೆಲವರು ತೀರ್ಕೊಂಡಿದಾರೆ, ಕೆಲವರು ಮೇಲಿಂದ ಕೆಳಗಿನವರೆಗೆ ಒಂದೇ ಪಕ್ಷಕ್ಕೆ ಒತ್ತೋಕೆ ಶುರು ಮಾಡಿದಾರೆ. 2024ರ ಮತಪತ್ರದಲ್ಲೂ ಅವರ ಹೆಸರಿನ ಮುಂದೆ ಪಕ್ಷೇತರ ಅಂತಲೇ ಇತ್ತು, 83ನೇ ವಯಸ್ಸಲ್ಲಿ ಗೆದ್ದ ಆ ಅವಧಿ 2031ರ ಜನವರಿವರೆಗೆ ಇದೆ. ಹೆಸರು ಪಕ್ಷೇತರ ಅಂತ ಉಳಿದಿದ್ರೂ ಬೀಳ್ತಿರೋ ಓಟು ಈಗ ಡೆಮಾಕ್ರಟರದೇ.